ವೆಯಿಟಿಂಗ್ ಶೆಡ್ಡಿನ ಎದುರು ಬದಿ

ಆ ಅಧ್ಯಾಯದ ಹಾಳೆಗಳಿಗೆ ಕೊನೆಯವರೆಗೂ ನಾನು ಪುಟಸಂಖ್ಯೆ ಹಾಕಿರಲಿಲ್ಲ. ಪೆನ್ಸಿಲಿನಲ್ಲಿ ಬಿಡಿಸಿದ ಹಾಳೆಗಳನ್ನು ರಟ್ಟಿನ ಫೈಲಿಗೆ ತುಂಬಿಕೊಂಡು ಮಾನಂದವಾಡಿಯಲ್ಲಿ ಕುಟ್ಟದ ಬಸ್ಸು ಹತ್ತುವುದು, ಕೊಡಗಿನ ಗಡಿಗಿಂತ ಸ್ವಲ್ಪ ಮೊದಲು ಇಳಿದು ಆದಿವಾಸಿಗಳ ಹಾಡಿಗೆ ನಡೆಯುವುದು, ಒಂದು ಮನೆಯ ಸಿಮೆಂಟು ಜಗಲಿಯ ಮೇಲೆ ಅವನ್ನೆಲ್ಲ ಹರಡುವುದು, ಮನೆಯವರು ಹೇಳಿದಂತೆ ತಿದ್ದುವುದು, ಮತ್ತೆ ಬಾಚಿಕೊಂಡು ಬರುವುದು. ಏಳು ತಿಂಗಳು ಇದೇ ಆಯಿತು. ಏಳು ಎಂದು ಈಗ ಬರೆಯುತ್ತಿದ್ದೇನೆ. ನನ್ನ ಟಿಪ್ಪಣಿ ಪುಸ್ತಕ ಐದು ಎನ್ನುತ್ತದೆ. ಉಳಿದ ಎರಡು ತಿಂಗಳು ಸುಮ್ಮನೆ ಕೂತಿದ್ದೆನೋ, ಬಿಡಿಸಿದ್ದನ್ನು ಹರಿದು ಹಾಕಿದ್ದೆನೋ ತಿಳಿಯದು. ಇಲ್ಲಿ ಹೇಳುವುದರಲ್ಲಿ ನಾನು ಖಚಿತವಾಗಿ ಹೇಳಬಲ್ಲದ್ದು ಹಾಳೆಗಳ ಮೇಲೆ ಉಳಿದದ್ದನ್ನು ಮಾತ್ರ.

ನಾನು ಚಿತ್ರಕಾದಂಬರಿ ಬರೆಯುವವಳು. ಅಂದರೆ ಚೌಕಗಳಲ್ಲಿ ಚಿತ್ರ, ಬಲೂನುಗಳಲ್ಲಿ ಮಾತು. ಆಗ ಕೈಯಲ್ಲಿದ್ದ ಪುಸ್ತಕ ಗಡಿಯ ಈಚೆ ಆಚೆ ಬದುಕುವ ಐದು ಜನರದು. ಐವರೂ ಕೈಯಾರೆ ಏನನ್ನೋ ಕೆಡಿಸಿದವರು, ಕೆಡಿಸಿದ ಮೇಲೂ ಬದುಕಬೇಕಾಗಿ ಬಂದವರು. ಮೈಸೂರಿನ ನನ್ನ ಸಂಪಾದಕರು ಫೋನಿನಲ್ಲಿ ಅವನ್ನು ‘ನಿಮ್ಮ ದುರಂತ ಕತೆಗಳು’ ಅನ್ನುತ್ತಿದ್ದರು. ಆ ಪದ ನನಗೆ ಹಿಡಿಸುತ್ತಿರಲಿಲ್ಲ. ದುರಂತ ಎಂದರೆ ಎಲ್ಲೋ ಒಂದು ಅಂತ್ಯ ಇರಬೇಕು. ನಾನು ಮಾತಾಡಿಸಿದವರಿಗೆ ಅಂಥದ್ದೇನೂ ಸಿಕ್ಕಿರಲಿಲ್ಲ. ಅವರು ಬೆಳಿಗ್ಗೆ ಎದ್ದು ಹಲ್ಲುಜ್ಜಿ ಕೆಲಸಕ್ಕೆ ಹೋಗುತ್ತಿದ್ದರು.

ನಾಲ್ಕನೆಯ ಕತೆ ಒಬ್ಬ ಮೇಸ್ತ್ರಿಯದು. ಕಟ್ಟಡದ ಮೇಸ್ತ್ರಿಯಲ್ಲ, ಆಳುಗಳನ್ನು ಕರೆದೊಯ್ಯುವ ಮೇಸ್ತ್ರಿ. ಕಾಡಂಚಿನ ಹಾಡಿಯಲ್ಲೇ ಹುಟ್ಟಿ, ತನ್ನ ಹಾಡಿಯವರನ್ನೇ ಜೀಪಿಗೆ ತುಂಬಿಕೊಂಡು ಕುಟ್ಟದ ಆಚೆ ಕೊಡಗಿನ ಶುಂಠಿ ಹೊಲಗಳಿಗೆ ಕರೆದೊಯ್ಯುತ್ತಿದ್ದವರು. ಅಲ್ಲಿ ಟಾರ್ಪಾಲಿನ ಕೆಳಗೆ ಮಲಗಿ, ಪಾತಿ ಎತ್ತಿ, ಬೀಜ ಊರಿ, ಕೀಟನಾಶಕದ ಮದ್ದು ಹೊಡೆದು ತಿಂಗಳುಗಟ್ಟಲೆ ಕಳೆಯಬೇಕು. ನಾನು ಹಿಂದೆ ಒಂದೆರಡು ವರ್ಷ ಹಾಡಿಯ ಹತ್ತಿರದ ಶಾಲೆಯಲ್ಲಿ ಚಿತ್ರ ಹೇಳಿಕೊಟ್ಟಿದ್ದರಿಂದ ಹಾಡಿಗೆಲ್ಲ ನಾನು ಟೀಚರ್. ಅವರ ಕನ್ನಡದಲ್ಲಿ ಬಹುವಚನದ ಮರ್ಯಾದೆ ಕಡಿಮೆ. ‘ಟೀಚರೆ’ ಎಂಬ ಕರೆಯಲ್ಲೇ ಅದೆಲ್ಲ ಮುಗಿಯುತ್ತದೆ.

ಮೇಸ್ತ್ರಿ ತಾವಾಗಿ ಬಂದು ಕತೆ ಕೊಟ್ಟರು. ತಾನು ಎಷ್ಟು ಜನರನ್ನು ಕೆಡಿಸಿದೆ ಎಂದು ಬೆರಳು ಮಡಿಸಿ ಹೇಳುತ್ತಿದ್ದರು. ಹಬ್ಬಕ್ಕೆ ಮನೆಗೆ ಹೋಗುತ್ತೇನೆ ಎಂದವರನ್ನು ಬಿಡದೆ ಇಟ್ಟುಕೊಂಡದ್ದು, ಕುಡಿಸಿ ಕೆಲಸಕ್ಕೆ ಹಚ್ಚಿದ್ದು, ಕೈಗವಸಿಲ್ಲದೆ ಮದ್ದು ಕಲಸಲು ಹೇಳಿದ್ದು, ಎಲ್ಲವನ್ನೂ ಹೇಳಿದರು. ಅಷ್ಟು ನಿರಾಳವಾಗಿ ತಪ್ಪು ಒಪ್ಪಿಕೊಂಡವರನ್ನು ನಾನು ನೋಡಿರಲಿಲ್ಲ, ಖುಷಿಯಿಂದ ಬರೆದುಕೊಂಡೆ. ಒಂದನ್ನು ಒಳಗಿಟ್ಟುಕೊಂಡವನು ಉಳಿದದ್ದನ್ನೆಲ್ಲ ಧಾರಾಳವಾಗಿ ಕೊಡುತ್ತಾನೆ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಕತೆಯ ನಡುವಿದ್ದದ್ದು ಅವರ ಭಾವನ ಸಾವು, ಎಂದರೆ ಅವರ ತಂಗಿಯ ಗಂಡನದು. ಕೆಲವು ವರ್ಷಗಳ ಹಿಂದೆ ಶುಂಠಿ ಹೊಲದಲ್ಲಿ ಮದ್ದು ಹೊಡೆದ ಮರುದಿನ ಭಾವನಿಗೆ ವಾಂತಿ ಹತ್ತಿತು, ಜ್ವರ ಏರಿತು. ಹೊಲದ ಯಜಮಾನ ಕರೆದುಕೊಂಡು ಹೋಗು ಎಂದ. ಮೇಸ್ತ್ರಿ ಅವನನ್ನು ಒಂದು ಪಿಕಪ್ಪಿನ ಹಿಂದೆ ಕೂರಿಸಿಕೊಂಡು ಗಡಿ ದಾಟಿ, ಕವಲು ರಸ್ತೆಯ ವೆಯಿಟಿಂಗ್ ಶೆಡ್ಡಿನಲ್ಲಿ ಇಳಿಸಿದರು. ಪಿಕಪ್ಪು ಅಲ್ಲಿಂದ ಬೇರೆ ಕಡೆ ಹೋಗಬೇಕಿತ್ತು. ಭಾವ ಬಸ್ಸಿನಲ್ಲಿ ಕೂರುವ ಸ್ಥಿತಿಯಲ್ಲಿರಲಿಲ್ಲ. ಅವನನ್ನು ಬೆಂಚಿಗೆ ಒರಗಿಸಿ, ಮೇಸ್ತ್ರಿ ಜೀಪು ತರಲು ಓಡಿದರು. ಜೀಪಿನೊಂದಿಗೆ ಬರುವಷ್ಟರಲ್ಲಿ ಅವನು ಹೋಗಿಬಿಟ್ಟಿದ್ದ. ಇದು ಹಾಡಿಗೆಲ್ಲ ಗೊತ್ತಿದ್ದ ಕತೆ.

ತಂಗಿ ಇದನ್ನು ನನಗೆ ಮೂರು ಸಲವಾದರೂ ಹೇಳಿದ್ದಾಳೆ, ಮೂರು ಸಲವೂ ಅಣ್ಣ ಓಡಿದ್ದಕ್ಕೇ ಒತ್ತು ಕೊಟ್ಟು. ಚಪ್ಪಲಿ ಕಿತ್ತುಹೋಯಿತು, ಅಲ್ಲೇ ಬಿಟ್ಟು ಬರಿಗಾಲಲ್ಲಿ ಓಡಿದ, ಅಂಗಾಲಿಗೆ ಕಲ್ಲು ಹೊಕ್ಕು ಹದಿನೈದು ದಿನ ಕುಂಟಿದ. ಮೇಸ್ತ್ರಿಯ ಹೆಂಡತಿ ಬಿಟ್ಟುಹೋಗಿ ಬಹಳ ಕಾಲವಾಗಿತ್ತು. ಭಾವ ಸತ್ತ ಮೇಲೆ ಅಣ್ಣ ತಂಗಿ ಒಂದೇ ಒಲೆಯ ಅನ್ನ ತಿನ್ನುತ್ತಿದ್ದರು. ಯಾರಾದರೂ ಮೇಸ್ತ್ರಿಯನ್ನು ಆಡಿಕೊಂಡರೆ ಆಕೆ ಜಗಳಕ್ಕೆ ಇಳಿಯುತ್ತಿದ್ದಳು. ನನ್ನ ಗಂಡನಿಗೆ ಅಂತ ಓಡಿದ ಕಾಲು ಅದು, ಅನ್ನುತ್ತಿದ್ದಳು.

ಕತೆ ಹಾಕಲು ಆಕೆ ಒಂದೇ ಷರತ್ತು ಇಟ್ಟಿದ್ದಳು. ಪೆನ್ಸಿಲಿನ ಗೆರೆಗಳಿಗೆ ಮಸಿ ಹಚ್ಚುವ ಮೊದಲು ಪ್ರತಿ ಹಾಳೆಯನ್ನೂ ತನಗೆ ತೋರಿಸಬೇಕು. ನಾನು ಒಪ್ಪಿದ್ದೆ.

ಮೊದಲ ತೊಂದರೆ ಸತ್ತವನ ಮುಖದ್ದು. ಅವನ ಒಂದೇ ಫೋಟೊ ಇದ್ದದ್ದು ಗುರುತಿನ ಕಾರ್ಡಿನಲ್ಲಿ, ಆ ಕಾರ್ಡು ಎಲ್ಲಿ ಹೋಯಿತೋ ಸಿಗಲಿಲ್ಲ. ಹಾಡಿಯವರು ಹೇಳಿದಂತೆ ನಾಲ್ಕು ಮುಖ ಬಿಡಿಸಿದೆ. ತಂಗಿ ಒಂದೊಂದನ್ನೂ ದೂರ ಹಿಡಿದು ನೋಡಿ, ಇದು ಯಾರು, ಪಡಿತರ ಅಂಗಡಿಯವನಾ, ಎಂದು ಕೆಳಗಿಟ್ಟಳು. ಮತ್ತೆ ಬಿಡಿಸಿ ತಂದ ಐದನೆಯದಕ್ಕೆ ಮೂಗು ಸರಿ, ಆದರೆ ಇವನು ನನ್ನ ಗಂಡನಷ್ಟು ಸೋಮಾರಿಯಲ್ಲ ಎಂದಳು. ಕೊನೆಗೆ ಮುಖವನ್ನು ಆದಷ್ಟು ಕಡಿಮೆ ತೋರಿಸಿ, ದೇಹದ ಭಂಗಿಗಳಲ್ಲೇ ಅವನನ್ನು ಹಿಡಿಯೋಣ ಎಂದುಕೊಂಡೆ. ನಾನು ಯಾವಾಗಲೂ ಕೂತವರನ್ನು, ನಿಂತವರನ್ನು ನೋಡಿಯೇ ಬಿಡಿಸುವವಳು. ಸತ್ತವನಿಗೆ ಯಾರು ಕೂರುವುದು? ಮೇಸ್ತ್ರಿ ನಾನೇ ಕೂರುತ್ತೇನೆ ಎಂದರು. ಹಾಗಾಗಿ ಆ ಅಧ್ಯಾಯದಲ್ಲಿ ಇಬ್ಬರಿಗೂ ಒಂದೇ ದೇಹ: ಗುದ್ದಲಿ ಹಿಡಿದ ಭಾವನೂ ಅವರೇ, ಪಕ್ಕದಲ್ಲಿ ನಿಂತು ಬೈಯುವ ಮೇಸ್ತ್ರಿಯೂ ಅವರೇ.

“ಹೊಟ್ಟೆ ಒಳಕ್ಕೆ ತಕೋ ಅಣ್ಣ,” ಎಂದು ತಂಗಿ ಒಳಗಿನಿಂದ ಕೂಗುತ್ತಿದ್ದಳು. “ಅವ ಹಂಗಿರ್ಲಿಲ್ಲ. ನೀ ಹಂದಿ ತಿಂದಂಗೆ ಇದ್ದೀಯ.”

“ಉಸ್ರು ಬಿಡ್ಬೇಕೋ ಬೇಡ್ವೋ ನಾನು?”

“ಟೀಚರ್ ಬರ್ದಾದ ಮೇಲೆ ಬಿಡು.”

ಎರಡನೆಯ ತೊಂದರೆ ನಾನೇ ತಂದುಕೊಂಡದ್ದು. ಮೇಸ್ತ್ರಿ ಆ ದಿನವನ್ನು ಹೇಳುವಾಗ ಪ್ರತಿ ಸಲವೂ ಏನೋ ಬದಲಾಗುತ್ತಿತ್ತು. ಒಮ್ಮೆ ಶೆಡ್ಡಿನಲ್ಲಿ ಇಳಿದದ್ದು ಬೆಳಿಗ್ಗೆ, ಒಮ್ಮೆ ಊಟದ ಹೊತ್ತು. ಒಮ್ಮೆ ಮಳೆ, ಒಮ್ಮೆ ಬಿಸಿಲು. ಇದರಿಂದ ನನಗೆ ಅನುಮಾನ ಬರಬೇಕಿತ್ತು, ಬಂದದ್ದು ಉತ್ಸಾಹ. ಜೋಡಿಸಿಟ್ಟ ನೆನಪನ್ನು ನಂಬದವಳು ನಾನು, ಬೇರೆಯವರದನ್ನು ಮಾತ್ರವಲ್ಲ, ನನ್ನದನ್ನೂ. ಈ ಗೊಂದಲವನ್ನೇ ರೂಪ ಮಾಡುತ್ತೇನೆ ಎಂದು ಪುಟವನ್ನು ಅಡ್ಡಡ್ಡ ಮೂರು ಪಟ್ಟಿ ಮಾಡಿ, ಮೂರು ಹೇಳಿಕೆಗಳನ್ನು ಒಂದರ ಕೆಳಗೆ ಒಂದು ನಡೆಸಿದೆ. ಒಂದರಲ್ಲಿ ಮಳೆ, ಒಂದರಲ್ಲಿ ಬಿಸಿಲು. ಹದಿನಾಲ್ಕು ಹಾಳೆ. ಸಂಪಾದಕರು ನೋಡಿ, ಬಹಳ ಜಾಣತನ ಇದೆ, ಆದರೆ ಅದರಲ್ಲಿ ಯಾರೂ ಸಾಯುತ್ತಿಲ್ಲ ಎಂದರು. ಎರಡು ದಿನ ಅವರ ಮೇಲೆ ಸಿಟ್ಟು ಮಾಡಿಕೊಂಡಿದ್ದು, ಮೂರನೆಯ ದಿನ ಹದಿನಾಲ್ಕನ್ನೂ ಎತ್ತಿಟ್ಟೆ.

ಆಮೇಲೆ ನನಗೆ ನಾನೇ ಒಂದು ಕಟ್ಟು ಹಾಕಿಕೊಂಡೆ. ಇನ್ನು ಮೇಲೆ ಕಲ್ಪನೆಯಿಂದ ಏನೂ ಬೇಡ. ಯಾರಾದರೂ ಕೂತು ತೋರಿಸಿದ ಭಂಗಿ, ನಾನೇ ಹೋಗಿ ನೋಡಿದ ಜಾಗ, ಅಷ್ಟೇ. ಮಾತೂ ಕಡಿಮೆ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಬಲೂನು ಬೇಗ ಉಬ್ಬುತ್ತದೆ, ಚಿತ್ರವನ್ನು ತಿನ್ನುತ್ತದೆ. ಶೆಡ್ಡಿನ ಪುಟಗಳಲ್ಲಿ ಬಲೂನೇ ಇರಬಾರದು ಎಂದು ತೀರ್ಮಾನಿಸಿದೆ. ಮಸಿಯ ಕೆಲಸವನ್ನು ಹೇಗೂ ಮುಂದೂಡಲೇಬೇಕಿತ್ತು. ಮಳೆಗಾಲದ ತೇವಕ್ಕೆ ಕಾಗದ ಉಬ್ಬಿ, ನಿಬ್ಬು ಇಟ್ಟ ಕಡೆಯೆಲ್ಲ ಗೆರೆ ಬೇರು ಬಿಡುತ್ತಿತ್ತು.

ಮೊದಲು ಓಟದ ಹಾಳೆ ಮಾಡಿದೆ. ಮೇಸ್ತ್ರಿ ರಸ್ತೆಯಲ್ಲಿ ನಿಜವಾಗಿಯೇ ಬರಿಗಾಲಲ್ಲಿ ಓಡಿ ತೋರಿಸಿದರು, ಆ ವಯಸ್ಸಿನಲ್ಲಿ, ಐದಾರು ಸಲ. ಇಡೀ ಹಾಳೆಗೆ ಒಂದೇ ಚಿತ್ರ: ಮುಂದಕ್ಕೆ ಬಾಗಿದ ಮೈ, ಹಿಂದೆ ಒಂಟಿ ಚಪ್ಪಲಿ. ನನ್ನ ಮಟ್ಟಿಗೆ ಪುಸ್ತಕದಲ್ಲೇ ಒಳ್ಳೆಯ ಹಾಳೆ ಅದು. ತಂಗಿ ಅದನ್ನು ಬಹಳ ಹೊತ್ತು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಇದರ ಒಂದು ಪ್ರತಿ ಗೋಡೆಗೆ ಹಾಕಲು ಬೇಕು ಎಂದಳು.

ನಂತರ ಶೆಡ್ಡು. ಒಬ್ಬಳೇ ಬಸ್ಸಿನಲ್ಲಿ ಹೋಗಿ ಕವಲಿನಲ್ಲಿ ಇಳಿದೆ. ಮೂರು ಗೋಡೆ, ಎರಡು ಕಂಬ, ಸಿಮೆಂಟಿನ ಬೆಂಚು, ಗೋಡೆಯ ಮೇಲೆ ಯಾವುದೋ ಚುನಾವಣೆಯ ಮಾಸಿದ ಬರಹ. ಬಿಡಿಸುವವರಿಗೆ ಮೊದಲ ಪ್ರಶ್ನೆ ಯಾವಾಗಲೂ ಒಂದೇ, ಎಲ್ಲಿ ಕೂರುವುದು. ರಸ್ತೆಯಲ್ಲಿ ನಿಂತರೆ ಟಿಪ್ಪರು. ಎದುರಿಗೆ ಒಂದು ಚಾಯಕ್ಕಡೆ, ಅಂದರೆ ಚಹಾದಂಗಡಿ, ಇತ್ತು, ಹೊರಗೊಂದು ಮರದ ಬೆಂಚು. ನಡೆಸುತ್ತಿದ್ದ ಹುಡುಗಿ ಕೂರಲು ಹೇಳಿದಳು. ಆಕೆ ಅಂಗಡಿ ಹಿಡಿದು ಎರಡೇ ವರ್ಷ. ಹಳಬ ಊರು ಬಿಟ್ಟುಹೋಗಿದ್ದ. ಆ ಬೆಂಚಿನ ಎಡತುದಿಯಲ್ಲಿ ಕೂತೆ, ಬಲತುದಿಗೆ ಬಿಸಿಲಿತ್ತು. ಅಲ್ಲಿಂದ ಶೆಡ್ಡು ಸ್ವಲ್ಪ ಓರೆಯಾಗಿ ಕಾಣುತ್ತಿತ್ತು. ಬಲಗಂಬ ಬೆಂಚಿನ ಮುಕ್ಕಾಲು ಪಾಲನ್ನು ಬಿಟ್ಟು ಉಳಿದದ್ದನ್ನು ಮರೆ ಮಾಡುತ್ತಿತ್ತು. ಅದು ಚೆನ್ನಾಗಿದೆ ಅನ್ನಿಸಿತು. ಮನುಷ್ಯನ ಕಾಲುಗಳು ಕಂಬದ ಹಿಂದೆ ಹೋಗುತ್ತವೆ, ತಲೆ ಎದೆ ಮಾತ್ರ ಉಳಿಯುತ್ತವೆ. ನೆರಳು, ಓರೆ, ಬಿಸಿಲು ತಪ್ಪಿಸುವುದು, ಆ ಕೋನವನ್ನು ನಾನು ಆರಿಸಿದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ಇರಲಿಲ್ಲ. ಮನೆಗೆ ಬಂದು, ಹಿಂದೆ ಮೇಸ್ತ್ರಿ ಕೂತು ತೋರಿಸಿದ್ದ ಒರಗಿದ ಭಂಗಿಯನ್ನು ಅದರೊಳಗೆ ಇಟ್ಟು ಆರು ಚೌಕ ಮಾಡಿದೆ. ಆರರಲ್ಲೂ ಅದೇ ಕೋನ, ಅದೇ ದೂರ. ಭಾವನ ತಲೆ ಮಾತ್ರ ಸ್ವಲ್ಪ ಸ್ವಲ್ಪವೇ ಕೆಳಗೆ ಜಾರುತ್ತದೆ.

ಆ ಹಾಳೆಯೊಂದಿಗೆ ಹೋದ ದಿನ ತಂಗಿ ತೊಳಿಲುರಪ್ಪಿನ, ಅಂದರೆ ಉದ್ಯೋಗ ಖಾತ್ರಿಯ, ಕೆಲಸಕ್ಕೆ ಹೋಗಿದ್ದಳು. ಪಂಚಾಯಿತಿಯ ಚರಂಡಿ ಕೆಲಸ, ಮೂರು ಗಂಟೆಗೆ ಬರುತ್ತಾಳೆ ಎಂದರು. ಮೇಸ್ತ್ರಿ ಜಗಲಿಯಲ್ಲಿ ಬುಟ್ಟಿಗೆ ಬಿದಿರು ಸೀಳುತ್ತಿದ್ದರು. ಹಾಳೆಯನ್ನು ಅವರ ಮುಂದೆ ಇಟ್ಟೆ. ಅವರು ಕತ್ತಿಯನ್ನು ಪಕ್ಕಕ್ಕಿಟ್ಟರು. ಆರು ಚೌಕಗಳನ್ನೂ ನೋಡಿದರು. ಆಮೇಲೆ ತಲೆ ಎತ್ತದೆ ಕೇಳಿದರು:

“ಯಾರು ಹೇಳಿದ್ರು ಟೀಚರೆ?”

ಏನನ್ನು ಎಂದು ನಾನು ಕೇಳಬೇಕಿತ್ತು.

“ಹಳೇ ಚಾಯಕ್ಕಡೆಯವನಾ? ಅವ ಊರಲ್ಲಿಲ್ಲ ಅಂತಿದ್ರು.”

ನಾನು ಸುಮ್ಮನಿದ್ದೆ. ಈ ಸುಮ್ಮನಿದ್ದದ್ದರ ಬಗ್ಗೆ ನಾನು ಬಹಳ ಸಲ ಯೋಚಿಸಿದ್ದೇನೆ. ಅವತ್ತೇ ಸಂಜೆ ಟಿಪ್ಪಣಿಯಲ್ಲಿ ‘ಅರ್ಥವಾಗದೆ ಸುಮ್ಮನಿದ್ದೆ’ ಎಂದು ಬರೆದಿದ್ದೇನೆ. ಅದು ನಿಜವಲ್ಲ. ಮೊದಲ ಪ್ರಶ್ನೆ ಕೇಳಿದಾಗ ಅರ್ಥವಾಗಿರಲಿಲ್ಲ, ಎರಡನೆಯದು ಕೇಳಿದಾಗ ಆಗಿತ್ತು. ಯಾರೂ ಏನೂ ಹೇಳಿಲ್ಲ, ನೆರಳಿಗೆ ಅಂತ ಅಲ್ಲಿ ಕೂತೆ ಎಂಬ ಒಂದೇ ಮಾತು ಸಾಕಾಗಿತ್ತು. ಹಾಗೆ ಹೇಳಿದ್ದರೆ ಅವರು ಬಿದಿರು ಸೀಳಲು ವಾಪಸು ಹೋಗುತ್ತಿದ್ದರು. ನಾನು ಆ ಮಾತನ್ನು ಹಿಡಿದಿಟ್ಟುಕೊಂಡೆ. ಹಿಡಿದಿಟ್ಟುಕೊಂಡರೆ ಏನೋ ಬೀಳುತ್ತದೆ ಎಂದು ಗೊತ್ತಿದ್ದವಳ ಹಾಗೆ.

ಬಿತ್ತು. ಅವರು ಹಾಳೆಯನ್ನೇ ನೋಡುತ್ತ ಹೇಳಿದರು. ಜೀಪಿಗೆ ಓಡಿದ್ದು ನಿಜ. ಆದರೆ ಓಡಿದ್ದು ಆಮೇಲೆ. ಮೊದಲು ಭಾವನನ್ನು ಬೆಂಚಿಗೆ ಒರಗಿಸಿ, ರಸ್ತೆ ದಾಟಿ, ಚಾಯಕ್ಕಡೆಯ ಬೆಂಚಿನಲ್ಲಿ ಕೂತರು. ಹಿಂದಿನ ವರ್ಷ ಇನ್ನೊಬ್ಬ ಆಳು ಹೊಲದಲ್ಲಿ ಸತ್ತಾಗ ಅವರನ್ನು ಸ್ಟೇಷನ್ನಿಗೆ ಕರೆಸಿ ದಿನಗಟ್ಟಲೆ ಕೂರಿಸಿದ್ದರಂತೆ. ಭಾವನನ್ನು ಆಸ್ಪತ್ರೆಗೆ ಒಯ್ದರೆ ಎಲ್ಲಿ ಕೆಲಸ, ಯಾರು ಕರೆದೊಯ್ದದ್ದು, ಯಾವ ಮದ್ದು ಎಂದು ಕೇಳುತ್ತಾರೆ. ಒಂದು ಚಾಯ ಕುಡಿಯುವಷ್ಟರಲ್ಲಿ ಜ್ವರ ಇಳಿಯಬಹುದು, ಇಳಿದರೆ ಬಸ್ಸಿನಲ್ಲೇ ಮನೆಗೆ ಕರೆದೊಯ್ಯಬಹುದು ಅಂದುಕೊಂಡರು. ಇನ್ನೊಂದು ಚಾಯ ಹೇಳಿದರು, ಅದಾದ ಮೇಲೆ ಮತ್ತೊಂದು. ಎರಡು ಬಸ್ಸು ಹೋದವು. ಶಾಲೆಯ ಬಸ್ಸು ಬಂದು ಮಕ್ಕಳನ್ನು ಇಳಿಸಿತು. ಮಕ್ಕಳು ಶೆಡ್ಡಿನೊಳಗೆ ನೋಡಿ, ಕುಡಿದು ಬಿದ್ದಿದ್ದಾನೆ ಎಂದು ನಕ್ಕು ಹೋದರು.

“ಅಲ್ಲಿಂದ ಹಿಂಗೇ ಕಾಣ್ತಿತ್ತು,” ಎಂದರು ಮೇಸ್ತ್ರಿ. “ಈ ಕಂಬ ಅಡ್ಡ. ಕಾಲು ಕಾಣ್ತಿರ್ಲಿಲ್ಲ. ನೀ ಬರ್ದಂಗೇ.”

ತಲೆ ಪೂರ್ತಿ ಜಾರಿದ ಮೇಲೆ ಅವರು ಎದ್ದರು. ಆಗ ಓಡಿದರು, ಚಪ್ಪಲಿ ಕಿತ್ತದ್ದು ಆಗ.

ತಂಗಿ ಬರುವ ಮೊದಲೇ ಹಾಳೆಗಳನ್ನು ತುಂಬಿಕೊಂಡು ನಾನು ಹೊರಟುಬಿಟ್ಟೆ. ಅವಳಿಗೆ ತೋರಿಸಬೇಡ ಎಂದು ಅವರು ಕೇಳಲಿಲ್ಲ. ತೋರಿಸು ಎಂದೂ ಅನ್ನಲಿಲ್ಲ.

ಮುಂದಿನ ಮೂರು ವಾರ ನಾನು ಮಾಡಿದ್ದು ಕೋನ ಬದಲಿಸುವ ಕೆಲಸ. ಶೆಡ್ಡಿನ ಒಳಗಿನಿಂದ ಬಿಡಿಸಿದೆ: ಭಾವನ ಬೆನ್ನು, ಆಚೆ ರಸ್ತೆ. ಆದರೆ ರಸ್ತೆಯ ಆಚೆ ಚಾಯಕ್ಕಡೆ ಬರಲೇಬೇಕು. ಬೆಂಚನ್ನು ಖಾಲಿ ಬಿಟ್ಟರೆ ಸುಳ್ಳು, ತುಂಬಿದರೆ ಅವರು. ಮೇಲಿನಿಂದ, ಹಕ್ಕಿ ನೋಡಿದಂತೆ ಬಿಡಿಸಿದೆ. ಸೂರು ಮಾತ್ರ ಕಂಡಿತು. ನಾಲ್ಕು ಚೌಕ ಸಿಮೆಂಟಿನ ಸೂರು. ಅಂಥದ್ದನ್ನು ಓದುಗರು ಬಹಳ ಆಳವಾದದ್ದು ಎಂದುಕೊಳ್ಳುತ್ತಾರೆ ಎಂದು ಗೊತ್ತಿದ್ದೂ, ಅಥವಾ ಗೊತ್ತಿದ್ದರಿಂದಲೇ, ಅದನ್ನು ಹರಿದೆ. ಕಪ್ಪು ಚೌಕಗಳನ್ನು ಇಟ್ಟು ನೋಡಿದೆ, ಅದು ಹೇಡಿತನವಾಗಿ ಕಂಡಿತು. ಮೊದಲಿನ ಹಾಳೆ ಒಂದೇ ನಿಲ್ಲುತ್ತಿತ್ತು. ಅದನ್ನು ಹಾಗೇ ಅಚ್ಚಿಗೆ ಕಳಿಸಿದರೂ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಅದು ಸತ್ಯ ಎಂದು ನನಗೂ ಮೇಸ್ತ್ರಿಗೂ ಮಾತ್ರ ಗೊತ್ತಿರುತ್ತಿತ್ತು. ತಂಗಿ ನೋಡಿ, ಓಟದ ಹಾಳೆಯ ಮುಂದೆ ಇಟ್ಟು, ಸರಿ ಎನ್ನುತ್ತಿದ್ದಳು. ಅಷ್ಟು ಸುಲಭವಾಗಿತ್ತು. ಸಂಪಾದಕರು ಮಸಿ ಹಾಳೆಗಳನ್ನು ಕೇಳುತ್ತಿದ್ದರು. ಮಳೆಯೂ ನಿಂತಿತ್ತು.

ಒಂದು ಬೆಳಿಗ್ಗೆ ನಿಬ್ಬು ಅದ್ದಿ ಕೂತೆ. ಮೊದಲ ಚೌಕದ ಕಂಬದ ಗೆರೆ ಎಳೆಯಬೇಕಿತ್ತು. ಎಳೆದರೆ ಆ ಬೆಂಚಿನಲ್ಲಿ ಕೂತು ಆ ಹೆಂಗಸಿಗೆ ತಿಳಿಯದ ಹಾಗೆ ಅವಳ ಗಂಡನ ಸಾವನ್ನು ನೋಡಿದವರು ಇಬ್ಬರಾಗುತ್ತೇವೆ ಅನ್ನಿಸಿತು. ನಿಬ್ಬನ್ನು ಒರೆಸಿ ಬಸ್ಸು ಹತ್ತಿದೆ.

ಮೇಸ್ತ್ರಿ ಹಾಡಿಯ ಕೆಳಗಿನ ಹಳ್ಳದಲ್ಲಿ ಬಟ್ಟೆ ಒಗೆಯುತ್ತಿದ್ದರು. ನಾನು ನಿಂತುಕೊಂಡೇ ಹೇಳಿದೆ: ನನಗೆ ಯಾರೂ ಏನೂ ಹೇಳಿರಲಿಲ್ಲ, ನೆರಳಿಗೆ ಅಂತ ಅಲ್ಲಿ ಕೂತಿದ್ದೆ, ಅವತ್ತು ನಿಮ್ಮನ್ನು ತಡೆಯದೆ ಬಿಟ್ಟದ್ದು ನನ್ನ ತಪ್ಪು. ಶೆಡ್ಡಿನ ಹಾಳೆಗೆ ನಾನು ಮಸಿ ಹಚ್ಚುವುದಿಲ್ಲ. ನೀವು ತಂಗಿಗೆ ಹೇಳಿದರೆ ಕತೆ ಇರುತ್ತದೆ, ಇಲ್ಲವಾದರೆ ನಾಲ್ಕನೆಯ ಅಧ್ಯಾಯವೇ ಇಲ್ಲ, ಪುಸ್ತಕ ನಾಲ್ಕು ಕತೆಯದಾಗುತ್ತದೆ.

ಅವರು ಒದ್ದೆ ಲುಂಗಿಯನ್ನು ಹಿಂಡುವುದನ್ನು ನಿಲ್ಲಿಸಿದರು. “ಹಂಗಾದ್ರೆ ನಾನೇ ಹೇಳಿದ್ದಾ?”

“ನೀವೇ.”

ಅವರಿಗೆ ನಗುವಿನಂಥದ್ದು ಬಂತು. “ಇಷ್ಟು ವರ್ಷ ಬಾಯಿ ಕಟ್ಟಿದ್ದೆ. ಒಂದು ಕಂಬ ಬರ್ದು ಬಿಡಿಸಿಬಿಟ್ಟೆ ನೀನು.” ಲುಂಗಿಯನ್ನು ಕಲ್ಲಿನ ಮೇಲೆ ಹರಡಿ, ಭಾನುವಾರ ಬಾ, ಅವಳಿಗೆ ಪಣಿ ಇಲ್ಲ, ಕೆಲಸಕ್ಕೆ ಹೋಗುವುದಿಲ್ಲ, ಎಲ್ಲ ಹಾಳೆ ತಾ ಎಂದರು.

ಭಾನುವಾರದ್ದನ್ನು ಹೇಳುವ ಮೊದಲು, ಆಮೇಲೆ ಏನಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಕೊನೆಯಲ್ಲಿಟ್ಟರೆ ಅದು ತೀರ್ಪಿನಂತೆ ಕೇಳಿಸುತ್ತದೆ. ಅಣ್ಣ ತಂಗಿ ಈಗ ಮಾತಾಡುವುದಿಲ್ಲ. ಮೇಸ್ತ್ರಿ ಹಾಡಿಯ ಇನ್ನೊಂದು ತುದಿಯಲ್ಲಿ ತಮ್ಮ ಅನ್ನ ತಾವೇ ಬೇಯಿಸಿಕೊಳ್ಳುತ್ತಾರೆ. ಕತೆ ಪುಸ್ತಕದಲ್ಲಿದೆ, ತಂಗಿ ಇರಲಿ ಎಂದಳು. ಈ ಬರಹವನ್ನೂ ಅವಳಿಗೆ ಓದಿ ಹೇಳಿದ್ದೇನೆ. ನಾನು ಆ ನೆರಳಿನಲ್ಲಿ ಕೂರದೆ ಬಿಸಿಲಿನ ತುದಿಯಲ್ಲಿ ಕೂತಿದ್ದರೆ ಇಬ್ಬರೂ ಇವತ್ತು ಒಂದೇ ಒಲೆಯಲ್ಲಿ ಉಣ್ಣುತ್ತಿದ್ದರು. ಅದು ಒಳ್ಳೆಯದಾಗಿತ್ತೇ ಎಂಬುದು ನನಗೆ ಗೊತ್ತಿಲ್ಲ.

ಭಾನುವಾರ ಹತ್ತು ಗಂಟೆಗೆ ಜಗಲಿಯ ಮೇಲೆ ಹಾಳೆಗಳನ್ನು ಹರಡಿದೆ. ತಂಗಿ ತಲೆಗೆ ಎಣ್ಣೆ ಹಚ್ಚಿಕೊಂಡು ಬಂದು ಕೂತಳು. ಓಟದ ಹಾಳೆಯನ್ನು ಮೊದಲು ಎತ್ತಿಕೊಂಡು, ಸೆರಗಿನಿಂದ ಅಂಚನ್ನು ಒರೆಸಿ, ಶೆಡ್ಡಿನಲ್ಲಿ ಇಳಿಸುವ ಹಾಳೆಯ ಪಕ್ಕದಲ್ಲಿ ಇಟ್ಟಳು. ಅದರ ಪಕ್ಕ ಆರು ಚೌಕದ್ದು. ಮೇಸ್ತ್ರಿ ಕೈ ಚಾಚಿ ಓಟದ ಹಾಳೆಯನ್ನು ತೆಗೆದು ಎಲ್ಲದರ ಕೊನೆಗೆ ಇಟ್ಟರು.

“ಅದು ಅಲ್ಲಲ್ಲ ಅಣ್ಣ,” ಎಂದು ತಂಗಿ ಮತ್ತೆ ಮೊದಲಿನ ಜಾಗಕ್ಕೆ ತಂದಳು.

ಅವರು ಮತ್ತೆ ಕೊನೆಗೆ ಇಟ್ಟರು.

“ಕಣ್ಣು ಮಂಜಾಗಿದೆ ಇವಂಗೆ,” ಎಂದು ಆಕೆ ನನ್ನ ಕಡೆ ನೋಡಿ ನಕ್ಕಳು. ನಾನು ನಗಲಿಲ್ಲ. ಆಕೆ ನನ್ನ ಮುಖ ನೋಡಿದಳು, ಅಣ್ಣನ ಮುಖ ನೋಡಿದಳು.

ಮೇಸ್ತ್ರಿ ಆರು ಚೌಕದ ಹಾಳೆಯ ಕೆಳಗಿನ ಅಂಚನ್ನು ದಾಟಿ, ಕಾಗದದ ಹೊರಗೆ, ಬರಿಯ ಸಿಮೆಂಟಿನ ಮೇಲೆ ಬೆರಳಿಟ್ಟರು. “ಆಗ ನಾ ಇಲ್ಲಿದ್ದೆ.”

“ಎಲ್ಲಿ?”

“ಚಾಯಕ್ಕಡೆಲಿ. ಎದ್ರಿಗೆ. ಅವ ಹೋದ ಮೇಲೆ ಓಡಿದ್ದು.”

ತಂಗಿ ಆ ಸಿಮೆಂಟಿನ ಜಾಗವನ್ನೇ ನೋಡುತ್ತಿದ್ದಳು. ಎಷ್ಟು ಹೊತ್ತು ಎಂದು ಕೇಳಿದಳು. ಮೂರು ಚಾಯ ಎಂದರು. ಯಾಕೆ ಎಂದು ಕೇಳಿದಳು. ಅವರು ಕೇಸು, ಸ್ಟೇಷನ್ನು ಎಂದು ಶುರು ಮಾಡಿ, ಅರ್ಧಕ್ಕೇ ಬಿಟ್ಟರು. ಆಕೆ ಬೈಯುತ್ತಾಳೆ, ಹಾಳೆ ಹರಿಯುತ್ತಾಳೆ ಎಂದು ನಾನು ಕಾದಿದ್ದೆ. ಆಕೆ ಹಾಳೆಯನ್ನು ಹತ್ತಿರ ಎಳೆದುಕೊಂಡು, ಒಂದೊಂದು ಚೌಕದಲ್ಲೂ ಗಂಡನ ತಲೆಯನ್ನು ನೋಡಿದಳು.

“ಅವ ಈ ಕಡೆ ನೋಡಿದ್ನಾ?”

“ನೋಡ್ದ,” ಎಂದರು ಮೇಸ್ತ್ರಿ. “ಕೈ ಎತ್ದ.”

ಇದನ್ನು ಅವರು ನನಗೂ ಹೇಳಿರಲಿಲ್ಲ.

“ಹೋಗು, ಜೀಪು ತಕೊಂಡ್ ಬಾ ಅಂತಿದ್ದಾನೆ ಅಂದ್ಕೊಂಡೆ ನಾನು.” ಅವರು ತಲೆ ಅಲ್ಲಾಡಿಸಿದರು. “ಅಲ್ಲ. ಕರ್ದ. ಕರೀತಿದ್ದ.”

ಕೆಳಗಿನ ಮನೆಯಲ್ಲಿ ಟಿವಿಯಲ್ಲಿ ಯಾರೋ ಮಲಯಾಳದಲ್ಲಿ ಜೋರಾಗಿ ಪ್ರಾರ್ಥನೆ ಮಾಡಿಸುತ್ತಿದ್ದರು. ತಂಗಿ ನನ್ನ ಕಡೆ ತಿರುಗಿದಳು. “ಕೈ ಇಲ್ವಲ್ಲ ಟೀಚರೆ ಇದ್ರಲ್ಲಿ.”

ನನಗೆ ಗೊತ್ತಿರಲಿಲ್ಲ ಎಂದೆ.

“ಬರಿ.”

ಮನೆಗೆ ಹೋಗಿ ಬಿಡಿಸಿ ತರುತ್ತೇನೆ ಎಂದೆ. ಆಕೆ ಒಪ್ಪಲಿಲ್ಲ. ನೋಡದೆ ಬರೆಯುವುದಿಲ್ಲ ಅಂತ ನೀನೇ ಹೇಳಿದ್ದಲ್ಲವಾ ಎಂದಳು. ಆಮೇಲೆ ಅಣ್ಣನಿಗೆ, ಧ್ವನಿ ಏರಿಸದೆ: “ಕುಂತ್ಕೊ. ಅವ ಹೆಂಗೆ ಕರ್ದ ತೋರ್ಸು.”

ಮೇಸ್ತ್ರಿ ಗೋಡೆಗೆ ಒರಗಿ, ಜಾರಿ ಕೂತರು. ಎಷ್ಟೋ ಸಲ ನನ್ನ ಮುಂದೆ ಹಾಗೆ ಕೂತಿದ್ದರು. ತಲೆ ತಾನಾಗಿ ಎಡಕ್ಕೆ ಹೋಯಿತು. ಬಲಗೈಯನ್ನು ಎತ್ತಿದರು, ಪೂರ್ತಿ ಅಲ್ಲ, ಭುಜದ ಮಟ್ಟಕ್ಕೆ. ಅಂಗೈ ಕೆಳಗೆ, ಬೆರಳುಗಳು ತನ್ನ ಕಡೆಗೆ ಬಾಗಿದವು. ಎದುರಿಗೆ ತಂಗಿ ಕೂತಿದ್ದಳು.

ನಾನು ಮೂರನೆಯ ಚೌಕವನ್ನು ರಬ್ಬರಿನಲ್ಲಿ ಉಜ್ಜಿ, ಭುಜದಿಂದ ಶುರು ಮಾಡಿದೆ. ಎತ್ತಿದ ಕೈ ಕಷ್ಟದ್ದೇನಲ್ಲ. ಮೊಣಕೈ, ಮಣಿಕಟ್ಟು, ಬೆರಳಿನ ಗೆಣ್ಣುಗಳು. ಆ ಅಳತೆಯ ಚೌಕದಲ್ಲಿ ಹೆಚ್ಚೆಂದರೆ ಹತ್ತು ನಿಮಿಷದ ಕೆಲಸ. ಹತ್ತು ನಿಮಿಷದಲ್ಲಿ ಆಯಿತು.

“ಆಯ್ತಾ ಟೀಚರೆ?” ಎಂದರು ಮೇಸ್ತ್ರಿ, ತಲೆಯನ್ನು ಹಾಗೇ ಓರೆಯಾಗಿಟ್ಟುಕೊಂಡು.

ನಾನು ತಂಗಿಯನ್ನು ನೋಡಿದೆ.

“ಆಗಿಲ್ಲ,” ಎಂದಳು. “ಇಳಿಸ್ಬೇಡ.”

ನಾನು ಪೆನ್ಸಿಲನ್ನು ಅದೇ ಗೆರೆಗಳ ಮೇಲೆ ಮತ್ತೆ ಎಳೆದೆ. ಇನ್ನೊಮ್ಮೆ ಎಳೆದೆ. ಟಿವಿಯ ಪ್ರಾರ್ಥನೆ ಮುಗಿದು ಜಾಹೀರಾತು ಬಂತು. ಮೇಸ್ತ್ರಿಯ ತೋಳು ಮೊದಲು ಭುಜದ ಹತ್ತಿರ ನಡುಗಿತು, ಆಮೇಲೆ ಬೆರಳುಗಳು. ಅವರ ಕಣ್ಣು ತಂಗಿಯ ಮೇಲೇ ಇತ್ತು. ಒಮ್ಮೆ ಕೈ ಸ್ವಲ್ಪ ಇಳಿಯಿತು, ಅವರೇ ಮತ್ತೆ ಎತ್ತಿದರು. ಬಹಳ ಹೊತ್ತಾದ ಮೇಲೆ ಅವರು ಎಡಗೈಯನ್ನು ತಂದು ಬಲಗೈಯ ಮೊಣಕೈಗೆ ಆಸರೆ ಕೊಟ್ಟರು.

“ಆ ಕೈ ತೆಗಿ,” ಎಂದಳು ತಂಗಿ. “ಅವಂಗೆ ಹಿಡ್ಕೊಳ್ಳೋರು ಯಾರೂ ಇರ್ಲಿಲ್ಲ.”

ಮೇಸ್ತ್ರಿ ಎಡಗೈ ತೆಗೆದರು. ನಾನು ಬಿಡಿಸುತ್ತಲೇ ಇದ್ದೆ.